ಕಂಬಳಿಹುಳದ ಬಂಡಿಯಲ್ಲಿ ಅತ್ತೆಯವರು

ಭಾನುವಾರದ ಊರು

ಜರ್ಮನಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಸೊಲ್ಲಾಪುರದ ನಮ್ಮ ಓಣಿಯ ಹೆಂಗಸರು ದೊಡ್ಡ ದೊಡ್ಡ ಊರುಗಳ ಹೆಸರು ಹಿಡಿದು ಅದನ್ನು ನೋಡಿದೆಯಾ, ಇದನ್ನು ನೋಡಿದೆಯಾ ಎಂದು ಕೇಳುತ್ತಾರೆ. ಅವುಗಳಲ್ಲಿ ಒಂದನ್ನೂ ನಾನು ನೋಡಲಿಲ್ಲ. ನಾನು ನೋಡಿದ್ದು ಟಾವೆಲ್ಲುಗಳನ್ನು. ಒಂದು ಊರಿನಷ್ಟು ದೊಡ್ಡ ಛಾವಣಿಯ ಕೆಳಗೆ ಎಲ್ಲ ದೇಶಗಳ ಟಾವೆಲ್ಲುಗಳನ್ನು ತೂಗುಹಾಕಿದ್ದರು. ಒಂದು ಮೂಲೆಯಲ್ಲಿ ನಮ್ಮವೂ ಇದ್ದವು. ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ನಮ್ಮ ಅಂಗಡಿಯ ಮಾಳಿಗೆ ಹತ್ತಿದ್ದರೆ ಸಾಕಿತ್ತು.

ನಮ್ಮ ಯಜಮಾನರು ವ್ಯಾಪಾರಕ್ಕೆಂದು ಹೋಗಲೇಬೇಕಿತ್ತು. ಅವರ ಇಂಗ್ಲಿಷು ಗಿರಾಕಿ ಎದುರಿಗೆ ಬಂದ ಕೂಡಲೇ ಮರಾಠಿಯಾಗಿಬಿಡುವುದರಿಂದ ನಾನೂ ಹೋಗಬೇಕಾಯಿತು. ಅತ್ತೆಯವರನ್ನು ಯಾರೂ ಕರೆದಿರಲಿಲ್ಲ. ವಳಸಂಗದಿಂದ ಮದುವೆಯಾಗಿ ಬಂದಾಗಿನಿಂದ ತಾವು ಮಡಚಿ ಘಡಿ ಹಾಕಿದ ಟಾವೆಲ್ಲುಗಳು ಕೊನೆಗೆ ಯಾರ ಮೈ ಒರೆಸುತ್ತವೆ ಎಂದು ಒಮ್ಮೆಯಾದರೂ ನೋಡಬೇಕು ಎಂದು ಹಟ ಹಿಡಿದರು. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಬೇಡ ಎಂದು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಒಂದು ಚೀಲದ ತುಂಬ ಕಡಕ್ ಭಕ್ರಿ, ಶೇಂಗಾ ಚಟ್ನಿ ತುಂಬಿಕೊಂಡು ವಿಮಾನ ಹತ್ತಿದರು.

ಪ್ರದರ್ಶನ ಮುಗಿದ ಮರುದಿನ ಭಾನುವಾರ. ಅಲ್ಲಿ ಭಾನುವಾರವೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ. ದಸರೆ ಮುಗಿದು ದೀಪಾವಳಿ ಬರುವ ಹೊತ್ತು. ನಮ್ಮ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಲ್ಲಿ ಬೀದಿಯಲ್ಲಿ ಒಂದು ನಾಯಿ, ಅದರ ಹಿಂದೆ ಅದರ ಒಡೆಯ, ಅಷ್ಟೇ. ಯಾರಾದರೂ ತೀರಿಕೊಂಡಿದ್ದಾರೇನು ಎಂದು ಅತ್ತೆಯವರು ಕೇಳಿದರು. ಹೋಟೆಲ್ಲಿನಲ್ಲಿ ಕೂತು ಬೇಸರವಾಗಿದ್ದ ನಮ್ಮನ್ನು ಕರೆದುಕೊಂಡು ಹೋಗಲು ರೆನಾಟೆ ಬಂದಳು. ನಮ್ಮ ಮಾಲು ಕೊಂಡು ಅಲ್ಲಿನ ಹೋಟೆಲ್ಲುಗಳಿಗೆ ಮಾರುವವಳು ಅವಳೇ. ಊರಾಚೆ ತನ್ನ ಅಣ್ಣನದೊಂದು ಚಿಕ್ಕ ಆಟದ ಪಾರ್ಕು ಇದೆ, ಚಳಿಗಾಲಕ್ಕೆ ಮುಚ್ಚುವ ಮುಂಚಿನ ಕೊನೆಯ ದಿನಗಳು, ಬನ್ನಿ ಎಂದಳು. ಮಕ್ಕಳಿಲ್ಲದೆ ಮಕ್ಕಳ ಪಾರ್ಕಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಅತ್ತೆಯವರು ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡಿದ್ದರು.

ದಾರಿ

ಕಾರಿನ ಕಿಟಕಿಯಾಚೆ ಕಟಾವಾದ ಹೊಲಗಳು. ನಾನು ಹುಟ್ಟಿದ್ದು ಅಕ್ಕಲಕೋಟೆ ತಾಲೂಕಿನ ಹನ್ನೂರಿನಲ್ಲಿ, ಹೊಲದವರ ಮನೆಯಲ್ಲಿ. ಹೊಲ ಕಂಡರೆ ಮೊದಲು ಮಣ್ಣಿನ ಬಣ್ಣ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಮಣ್ಣು ಕರಿದಾಗಿಯೇ ಇತ್ತು. ಆದರೆ ಎಷ್ಟು ದೂರ ಹೋದರೂ ಒಬ್ಬ ಮನುಷ್ಯ ಕಾಣಲಿಲ್ಲ. ನಮ್ಮ ಬೋರಾಮಣಿಯ ಹುಲ್ಲಿನ ಬಯಲಿನಲ್ಲಿಯೂ ಕುರಿ ಹಿಂದೆ ಒಬ್ಬ ಕಂಬಳಿ ಹೊದ್ದು ನಿಂತಿರುತ್ತಾನೆ. ಮರಗಳೆಲ್ಲ ಅರಿಶಿನ ಕಲಸಿದಂತಾಗಿದ್ದವು. ಎಲೆ ತಾನೇ ಬೀಳುತ್ತಿತ್ತು, ಗಾಳಿ ಕೂಡ ಬೇಕಾಗಿರಲಿಲ್ಲ. ನಮ್ಮ ಕಡೆ ಎಲೆ ಉದುರುವುದು ಬಿಸಿಲಿಗೆ, ಇಲ್ಲಿ ಚಳಿಗೆ. ಅತ್ತೆಯವರು ಅದನ್ನು ಒಪ್ಪಲಿಲ್ಲ. ಮರಕ್ಕೆ ರೋಗ ಬಂದಿದೆ, ಔಷಧ ಹೊಡೆದಿಲ್ಲ ಎಂದರು.

ಚಳಿಗೆ ಅವರು ಸೀರೆ, ಸ್ವೆಟರು, ಅದರ ಮೇಲೆ ಮಗನ ನೈಲಾನ್ ಜಾಕೆಟ್ಟು, ಮಫ್ಲರು ಹಾಕಿಕೊಂಡಿದ್ದರು. ಎಲ್ಲಕ್ಕಿಂತ ಮೇಲೆ, ಎದೆಯ ನಡುವೆ, ಬಿಳಿಯ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆ. ಅದರೊಳಗೆ ಅವರ ಇಷ್ಟಲಿಂಗ. ಮನೆಯಲ್ಲಿ ಅದು ಕುಪ್ಪಸದೊಳಗೆ ಇರುತ್ತದೆ. ಆದರೆ ಅವರಿಗೆ ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ. ಇಷ್ಟು ಬಟ್ಟೆಯ ಕೆಳಗೆ ಕೈ ಹೋಗುವುದಿಲ್ಲವೆಂದು ಹೊರಗೆ ಹಾಕಿಕೊಂಡಿದ್ದರು. ಲಿಂಗ ಮೈಮೇಲೆ ಇಲ್ಲದೆ ಅವರು ಒಂದು ಗುಟುಕು ನೀರು ಕುಡಿದವರಲ್ಲ. ನಾನು ಹಾಗಲ್ಲ. ನನ್ನದು ಸೊಲ್ಲಾಪುರದ ದೇವರ ಕೋಣೆಯಲ್ಲಿ ಇರುತ್ತದೆ, ಶ್ರಾವಣ ಸೋಮವಾರ ಕೊರಳಿಗೆ ಬರುತ್ತದೆ. ನಮ್ಮವರದೂ ಪೂಜೆಯ ಹೊತ್ತಿಗೆ ಮಾತ್ರ. ಅತ್ತೆಯವರು ಇದರ ಬಗ್ಗೆ ನಮಗೆ ಏನೂ ಹೇಳುವುದಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಗೇಟಿನ ಒಳಗೆ

ಪಾರ್ಕು ನಮ್ಮ ಕಡೆಯ ಒಂದು ಮದುವೆ ಕಾರ್ಯಾಲಯದ ಅಂಗಳದ ನಾಲ್ಕೈದು ಪಟ್ಟು ಇದ್ದಿರಬೇಕು. ಮರದ ಕುದುರೆಗಳ ಒಂದು ತಿರುಗಣಿ, ಮಕ್ಕಳು ಓಡಿಸುವ ಪುಟ್ಟ ಟ್ರ್ಯಾಕ್ಟರುಗಳು, ಆಡುಗಳ ಒಂದು ದೊಡ್ಡಿ, ಮರಗಳ ನಡುವೆ ಏರಿ ಇಳಿದು ಸುತ್ತುವ ಹಳಿಯ ಮೇಲೆ ಒಂದು ಹಸಿರು ಬಂಡಿ. ಬಂಡಿಯ ಮುಖಕ್ಕೆ ನಗುವ ಕಂಬಳಿಹುಳದ ಚಿತ್ರ. ಕಂಬಳಿಹುಳ ಮೈಗೆ ತಾಗಿದರೆ ವಾರ ಕಳೆದರೂ ತುರಿಕೆ ಹೋಗದ ಊರಿನಿಂದ ಬಂದವಳು ನಾನು. ಅದರ ಮೇಲೆ ಮಕ್ಕಳನ್ನು ಕೂರಿಸುತ್ತಾರಲ್ಲ ಎನಿಸಿತು.

ಎಲ್ಲ ಮನೆಯವರೇ ನಡೆಸುವ ಧಂದೆ. ಅಣ್ಣ ಬಂಡಿ ನಡೆಸುತ್ತಾನೆ, ಅವನ ಮಗಳು ಟಿಕೆಟು ಕೊಡುತ್ತಾಳೆ, ಅಳಿಯ ಕೀಲುಗಳಿಗೆ ಎಣ್ಣೆ ಬಿಡುತ್ತಾನೆ, ಹೆಂಡತಿ ತಿನ್ನುವ ಅಂಗಡಿ ನೋಡಿಕೊಳ್ಳುತ್ತಾಳೆ. ನಮ್ಮವರಿಗೆ ಇದು ಬಹಳ ಹಿಡಿಸಿತು. ನಮ್ಮ ಅಂಗಡಿಯ ಹಾಗೇ ಇದೆ, ಯಾರೂ ರಜೆ ಕೇಳುವ ಹಾಗಿಲ್ಲ ಎಂದರು. ರಜೆ ಕೇಳುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಆ ಮಾತು ಯಾರಿಗೆ ಎಂದು ಗೊತ್ತಾಯಿತು.

ಹೆಂಡತಿಯ ಹೆಸರು ಹೈಕೆ. ಕೆಂಪು ಕೆನ್ನೆಯ, ಅಗಲ ಭುಜದ ಹೆಂಗಸು. ಕಾವಲಿಯ ಹಿಂದಿನಿಂದಲೇ ಕೈ ಬೀಸಿ ನಮ್ಮನ್ನು ಕರೆದಳು. ಕಾವಲಿಯ ಮೇಲೆ ಉದ್ದನೆಯದೇನೋ ಚುರುಗುಟ್ಟುತ್ತಿತ್ತು. ಅದೇನು ಎಂದು ಅತ್ತೆಯವರು ಕೇಳಿದರು. ಹಂದಿಯ ಮಾಂಸ ಎಂದೆ. ಅವರು ಮುಖ ಸಿಂಡರಿಸಲಿಲ್ಲ, ಸೆರಗನ್ನು ಮೂಗಿಗೆ ಹಿಡಿದು ಅಂಗಡಿಯನ್ನು ಒಂದು ದೊಡ್ಡ ಸುತ್ತು ಹಾಕಿ ಆಚೆ ಹೋದರು. ಹೈಕೆಗೆ ಅದು ನಮ್ಮ ಪದ್ಧತಿ ಅನ್ನಿಸಿರಬೇಕು, ಅವಳೂ ನಕ್ಕು ತಲೆಯಾಡಿಸಿದಳು.

ಆಡುಗಳ ದೊಡ್ಡಿಯಲ್ಲಿ ಅತ್ತೆಯವರು ಚೀಲ ಬಿಚ್ಚಿ ಭಕ್ರಿ ಮುರಿದು ಹಾಕತೊಡಗಿದರು. ಟಿಕೆಟಿನ ಹುಡುಗಿ ಓಡಿಬಂದು, ಇಲ್ಲಿ ಮಾರುವ ಕಾಳನ್ನು ಬಿಟ್ಟು ಬೇರೆ ಹಾಕಬಾರದು, ಆಡುಗಳ ಹೊಟ್ಟೆ ಕೆಡುತ್ತದೆ ಎಂದು ಬಹಳ ವಿನಯದಿಂದ ಹೇಳಿದಳು. ಅತ್ತೆಯವರಿಗೆ ಅರ್ಥ ಮಾಡಿಸಿದೆ. ಅವರಿಗೆ ಸಿಟ್ಟು ಬಂತು. ಜೋಳದ ಭಕ್ರಿ ತಿಂದು ಹೊಟ್ಟೆ ಕೆಟ್ಟ ಆಡನ್ನು ತಾವು ಹುಟ್ಟಿದಾಗಿನಿಂದ ನೋಡಿಲ್ಲ ಎಂದರು. ಆಡುಗಳು ಅವರ ಪರವಾಗಿದ್ದವು.

ಕಂಬಳಿಹುಳ

ಬಂಡಿಯ ಮುಂದೆ ಸಾಲು ನಿಂತಿತ್ತು. ಅಲ್ಲಿ ಸಾಲು ಎಂದರೆ ಒಬ್ಬರ ಬೆನ್ನಿಗೆ ಒಬ್ಬರು ತಾಗದ ಹಾಗೆ, ನಡುವೆ ಒಂದು ಸೈಕಲ್ಲು ಹೋಗುವಷ್ಟು ಜಾಗ ಬಿಟ್ಟು ನಿಲ್ಲುವುದು. ನಮ್ಮವರು ಆ ಖಾಲಿ ಜಾಗ ಕಂಡು ಮೂರು ಸಲ ನುಗ್ಗಲು ಹೋದರು. ಮೂರು ಸಲವೂ ನಾನು ತೋಳು ಹಿಡಿದು ಎಳೆದೆ. ನಮ್ಮ ಮುಂದೆ ಬೆಳ್ಳಗಿನ ಗಿಡ್ಡ ಕೂದಲಿನ ಒಬ್ಬ ಅಜ್ಜಿ ಮೊಮ್ಮಕ್ಕಳ ಜೊತೆ ನಿಂತಿದ್ದಳು. ಅವಳು ಬಂಡಿ ಹತ್ತಿ, ಒಂದು ಸುತ್ತು ಹೋಗಿ, ಕೆನ್ನೆ ಕೆಂಪಗೆ ಮಾಡಿಕೊಂಡು ಇಳಿದಳು. ಅದನ್ನು ಅತ್ತೆಯವರು ನೋಡಿದರು. ಅಲ್ಲಿಗೆ ಮುಗಿಯಿತು.

ನಮ್ಮವರು ಬೇಡ ಎಂದರು, ಸಕ್ಕರೆ ಕಾಯಿಲೆ ಎಂದರು, ಡಾಕ್ಟರ ಹೆಸರು ತೆಗೆದರು.

"ಆ ಮುದುಕಿ ಹತ್ಯಾಳ, ನಾ ಯಾಕ ಹತ್ತಬಾರ್ದು?" ಎಂದರು ಅತ್ತೆಯವರು. "ನೀ ಬಾಜೂಕ ಕೂಡು, ಬಸ್."

ರೆನಾಟೆಯ ಅಣ್ಣ ಅವರನ್ನು ಕೂರಿಸುವಾಗ ಕೊರಳಿನ ಕಡೆ ಬೆರಳು ತೋರಿಸಿದ. ಅಲ್ಲೊಂದು ಫಲಕವೂ ಇತ್ತು: ಕೊರಳಲ್ಲಿ ಜೋತಾಡುವುದು ಏನೂ ಇರಬಾರದು. ಟೋಪಿ, ಮಫ್ಲರು, ಕನ್ನಡಕ ಎಲ್ಲ ಒಂದು ಬುಟ್ಟಿಯೊಳಗೆ. ಅತ್ತೆಯವರು ಮಫ್ಲರು ಕೊಟ್ಟರು. ಅವನು ಕರಡಿಗೆಯ ಕಡೆ ತೋರಿಸಿ ಬುಟ್ಟಿ ಮುಂದೆ ಹಿಡಿದ. ಬುಟ್ಟಿಯಲ್ಲಿ ಯಾರದೋ ಚರ್ಮದ ಬೆಲ್ಟು ಬಿದ್ದಿತ್ತು. ಇಲ್ಲ ಎಂದು ಅತ್ತೆಯವರು ತಲೆಯಾಡಿಸಿದರು. ನನ್ನ ಕೈಗೆ ಕೊಡಿ ಎಂದೆ, ಅದಕ್ಕೂ ಇಲ್ಲ. ನಮ್ಮವರು ಇನ್ನೇನು ಇಳಿಸಿಯೇಬಿಡುತ್ತಾರೆ ಎನ್ನುವಾಗ ಅತ್ತೆಯವರೇ ದಾರಿ ಹುಡುಕಿದರು. ವಳಸಂಗದಲ್ಲಿ ಕಳೆ ಕೀಳಲು ಬಗ್ಗುವಾಗ ಲಿಂಗ ಮಣ್ಣಿಗೆ ತಾಗಬಾರದೆಂದು ಅವರ ತಾಯಿ ಅದನ್ನು ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದರಂತೆ. ಹಾಗೆಯೇ ಶಿವದಾರವನ್ನು ಎಡತೋಳಿಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿಕೊಂಡರು. ರೆನಾಟೆಯ ಅಣ್ಣ ಗಂಟು ನೋಡಿ ಸರಿ ಎಂದ. ಬರಿಯ ತೋಳಿಗೆ ಕಟ್ಟಿದ ಗಂಟು ಬೇರೆ, ಜಾರುವ ನೈಲಾನಿಗೆ ಕಟ್ಟಿದ್ದು ಬೇರೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಕೆಳಗೆ ಚೀಲ ಕಾಯುತ್ತ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ಬಂಡಿ ಏರುವಾಗ ಅತ್ತೆಯವರು ಗಂಭೀರವಾಗಿದ್ದರು. ಇಳಿಯುವಾಗ ಬಾಯಿ ತೆರೆಯಿತು. ಎರಡನೆಯ ತಿರುವಿನಲ್ಲಿ ಅವರು ಎರಡೂ ಕೈ ಮೇಲೆತ್ತಿ ನಗುತ್ತಿದ್ದರು, ಪಕ್ಕದಲ್ಲಿ ನಮ್ಮವರು ಕಣ್ಣು ಮುಚ್ಚಿ ಕಂಬಿ ಹಿಡಿದಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಯವರು ಹಲ್ಲು ಕಾಣುವ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ನನಗೆ ನಿಜವಾಗಿ ಸಂತೋಷವಾಯಿತು.

ಇಳಿದು ಎರಡು ಹೆಜ್ಜೆ ಇಟ್ಟು ತೋಳು ಮುಟ್ಟಿಕೊಂಡರು. ಆಮೇಲೆ ಎದೆ ಮುಟ್ಟಿಕೊಂಡರು. ಮತ್ತೆ ತೋಳು.

ಎಲೆಗಳ ಕೆಳಗೆ

ಬಂಡಿಯೊಳಗೆ ಇರಲಿಲ್ಲ. ಅತ್ತೆಯವರು ಅಳಲಿಲ್ಲ. ಹತ್ತಿರದ ಬೆಂಚಿನ ಮೇಲೆ ಕುಳಿತು, ಎಡ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟು ಕಣ್ಣು ಮುಚ್ಚಿದರು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಲಿಂಗ ಕೂರುವ ಅಂಗೈ ಅದು. ಅದು ಖಾಲಿ ಇದ್ದುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಏನು ಕಳೆಯಿತು ಎಂದು ರೆನಾಟೆ ಕೇಳಿದಳು. ಆಭರಣವೇ, ವಿಮೆ ಇದೆಯೇ ಎಂದಳು. ಅಲ್ಲ, ಅವರ ದೇವರು ಎಂದೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಬೇರೆ ಮಾತು ಸಿಗಲಿಲ್ಲ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ತಿರುಗಿ ಅಣ್ಣನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಅವನು ಬಂಡಿಯ ಗುಂಡಿ ಒತ್ತಿ ನಿಲ್ಲಿಸಿ, ಹಗ್ಗ ಅಡ್ಡ ಕಟ್ಟಿದ. ಸಾಲಿನಲ್ಲಿದ್ದವರು ಗೊಣಗುತ್ತಾರೆ ಎಂದುಕೊಂಡೆ. ನಮ್ಮಲ್ಲಿ ಸಂಕ್ರಾಂತಿ ಜಾತ್ರೆಯ ಪಾಳಣಾ, ಆ ದೊಡ್ಡ ತಿರುಗುತೊಟ್ಟಿಲು, ನಡುವೆ ನಿಂತರೆ ಜನ ಅದರ ಮಾಲೀಕನ ಮನೆತನವನ್ನೆಲ್ಲ ನೆನೆಸಿಕೊಳ್ಳುತ್ತಾರೆ. ಇವರು ಎಷ್ಟು ದೊಡ್ಡದು ಎಂದಷ್ಟೇ ಕೇಳಿದರು. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಮೊಟ್ಟೆಯಷ್ಟು ಎಂದು ತೋರಿಸಿದೆ.

ಹಳಿಯ ಕೆಳಗಿನ ತೋಪಿನಲ್ಲಿ ಎಲೆ ಪಾದ ಮುಳುಗುವಷ್ಟು ಬಿದ್ದಿತ್ತು. ಒದ್ದೆ ಎಲೆ, ಅದರ ಕೆಳಗೆ ಹಳೆಯ ಎಲೆ. ಜನ ಒಬ್ಬರ ಪಕ್ಕ ಒಬ್ಬರು, ಹೊಲದಲ್ಲಿ ಕಳೆ ಕೀಳುವವರು ಸಾಲು ಹಿಡಿಯುವಂತೆ ಹಿಡಿದು ಬಗ್ಗಿದರು. ಬಿಳಿ ಕೂದಲಿನ ಅಜ್ಜಿಯೂ ಬಗ್ಗಿದಳು. ಕಾಲಿನಿಂದ ಎಲೆ ಒದೆಯುತ್ತಿದ್ದ ಮಕ್ಕಳಿಗೆ ಕೈಯಿಂದ ತೆಗೆಯಿರಿ ಎಂದು ತಾಯಂದಿರು ಹೇಳುವುದು ಕಂಡಿತು. ದೇವರು ಎಂಬ ಮಾತು ಅಲ್ಲಿಯವರೆಗೆ ಹೋಗಿತ್ತು.

ಇತ್ತ ಊಟದ ಹೊತ್ತು ಮೀರುತ್ತಿತ್ತು. ನಮ್ಮವರು ತಾಯಿಯ ಮುಂದೆ ಮೊಣಕಾಲೂರಿ ನೀರಿನ ಬಾಟಲಿ, ಸಕ್ಕರೆ ಕಾಯಿಲೆಯ ಗೋಳಿ ಹಿಡಿದಿದ್ದರು.

"ಔಷಧಕ್ಕ ಎಂಥಾ ನೇಮ, ಅವ್ವಾ. ಒಂದ ಗುಟಕ ಕುಡಿ. ಸೊಲ್ಲಾಪುರಕ್ಕ ಹೋದ ಕೂಡ್ಲೆ ಮಠದ ಅಯ್ಯನವ್ರನ್ನ ಕರಸೋಣ, ಹೊಸಾ ಲಿಂಗ ಕಟ್ಟತಾರ."

"ಹೋಗೂತನಕ ನಾ ಏನೂ ಮುಟ್ಟಂಗಿಲ್ಲ," ಎಂದರು ಅವರು, ಕಣ್ಣು ತೆರೆಯದೆ. "ನಿನಗ ಅನ್ನಾಕತ್ತಿಲ್ಲ. ನನ್ನ ನೇಮ ನನಗ."

ನಮ್ಮ ವಿಮಾನ ಮರುದಿನ ರಾತ್ರಿಗೆ. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ರೈಲು. ಅಷ್ಟು ಹೊತ್ತು ನೀರಿಲ್ಲದೆ, ಗೋಳಿಯಿಲ್ಲದೆ ಈ ವಯಸ್ಸಿನಲ್ಲಿ ಅವರು ಉಳಿಯುತ್ತಾರೆಯೇ ಎಂದು ಬೆರಳು ಮಡಚಿ ಗಂಟೆಗಳನ್ನು ಎಣಿಸಿದೆ. ಹೆದರಿಕೆಯ ಜೊತೆಗೆ ಸಿಟ್ಟೂ ಬಂತು. ಒಂದು ಕಲ್ಲಿಗಾಗಿ ಹೀಗೆ ಹಟ ಮಾಡುತ್ತಾರಲ್ಲ ಎಂದು ಹೇಳಲು ಹತ್ತಿರ ಹೋದೆ. ಬಿಚ್ಚಿಟ್ಟ ಅಂಗೈ ಮತ್ತೆ ಕಂಡಿತು. ಪಕ್ಕದಲ್ಲಿ ಕುಳಿತೆ. ನನಗೂ ಗಂಟಲು ಒಣಗಿತ್ತು, ಆದರೆ ಬಾಟಲಿಗೆ ಕೈ ಹೋಗಲಿಲ್ಲ.

ಆಗ ವಿಡಿಯೊ ನೆನಪಾಯಿತು. ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊದಲ ತಿರುವಿನಲ್ಲಿ ತೋಳಿನ ಮೇಲೆ ಬೆಳ್ಳಿ ಹೊಳೆಯುತ್ತಿತ್ತು. ಎರಡನೆಯ ತಿರುವಿನಲ್ಲಿ, ಅವರು ಕೈಯೆತ್ತಿ ನಕ್ಕ ಹೊತ್ತಿನಲ್ಲಿ, ತೋಳು ಬರಿದಾಗಿತ್ತು. ಓಡಿಹೋಗಿ ಎದುರಿಗೆ ಸಿಕ್ಕವರಿಗೆ ತೋರಿಸಿದೆ. ಎದುರಿಗೆ ಸಿಕ್ಕವಳು ಹೈಕೆ. ಅಂಗಡಿಯ ಕಿಟಕಿ ಎಳೆದು ಏಪ್ರನ್ನಿನಲ್ಲಿಯೇ ಬಂದಿದ್ದಳು. ಅವಳಿಗೆ ತನ್ನ ಜಾಗದ ಇಂಚಿಂಚೂ ಗೊತ್ತು. ಎರಡೂ ತಿರುವುಗಳ ನಡುವೆ ಮಳೆನೀರು ಹರಿಯಲು ಒಂದು ಕಾಲುವೆ ಇತ್ತು, ಎಲೆ ಮುಚ್ಚಿ ಕಾಣುತ್ತಿರಲಿಲ್ಲ. ಅವಳು ಅದರ ಪಕ್ಕ ಮಲಗಿಕೊಂಡು ಭುಜದವರೆಗೆ ಕೈ ಇಳಿಸಿದಳು.

ಬೆಂಚಿನ ಮುಂದೆ

ಶಿವದಾರ ಮೊದಲು ಬಂತು, ಕಪ್ಪಗಾಗಿ. ಅದರ ಹಿಂದೆ ಕರಡಿಗೆ. ಒಂದು ಪಕ್ಕ ನೆಗ್ಗಿತ್ತು, ಮುಚ್ಚಳ ಬಿಗಿಯಾಗಿಯೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಹೈಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಕಡೆ ಹೊರಟಳು.

ಎಲ್ಲರೂ ನಗುತ್ತಿದ್ದರು, ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಬೆಳಿಗ್ಗೆ ಅತ್ತೆಯವರು ಸೆರಗು ಹಿಡಿದು ಸುತ್ತುಹಾಕಿ ದಾಟಿದ ಕಾವಲಿಯ ಕೈ ಇದು. ಕಾವಲಿಯ ವಾಸನೆ ಏಪ್ರನ್ನಿನಿಂದ ಈಗಲೂ ಬರುತ್ತಿತ್ತು. ಮುಟ್ಟುವುದಿಲ್ಲ ಎಂದುಬಿಟ್ಟರೆ ಸಿಕ್ಕಿದ್ದೂ ಸಿಗದ ಹಾಗೆ. ನಾನು ಹೈಕೆಯನ್ನು ದಾಟಿ ಮುಂದೆ ಹೋಗಿ ಅಡ್ಡ ನಿಂತು ಕೈ ಚಾಚಿದೆ. ಇಸಿದುಕೊಂಡು, ನಲ್ಲಿಯಲ್ಲಿ ತೊಳೆದು, ನನಗೇ ಸಿಕ್ಕಿತು ಎಂದು ಕೊಡಬೇಕೆಂದಿದ್ದೆ. ಹೈಕೆ ಕೊಡಲು ಕೈ ಮುಂದೆ ಮಾಡಿದಳು ಕೂಡ.

"ಸುವರ್ಣಾ, ಬಾಜೂಕ ಸರಿ," ಎಂದು ಹಿಂದಿನಿಂದ ಅತ್ತೆಯವರು ಹೇಳಿದರು.

ಅವರು ಎದ್ದು ನಿಂತಿದ್ದರು. ಕಾಲಿನ ಚಪ್ಪಲಿ ಬಿಟ್ಟಿದ್ದರು. ಎಡ ಅಂಗೈ ಮುಂದೆ ಚಾಚಿ ಅದರ ಕೆಳಗೆ ಬಲಗೈ ಇಟ್ಟಿದ್ದರು. ನಾನು ಸರಿದೆ. ಹೈಕೆ ಯಾರೂ ಹೇಳಿಕೊಡದಿದ್ದರೂ ಕರಡಿಗೆಯನ್ನು ಆ ಅಂಗೈಯ ನಡುವೆ ಮೆಲ್ಲಗೆ ಇಟ್ಟು, ಬೆರಳುಗಳನ್ನು ಮಡಚಿ, ಮೇಲೆ ತನ್ನ ಕೈ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಚಳಿಗೆ ತಣ್ಣಗಾದ ಮುದುಕಿಯ ಕೈ ಎಂದು ಹಾಗೆ ಮಾಡಿದಳೋ ಏನೋ. ಅತ್ತೆಯವರು ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು, ಕೊರಳಿಗೆ ಹಾಕಿಕೊಂಡು, ಬಗ್ಗಿ ಹೈಕೆಯ ಕೆಸರು ಬೂಟು ಮುಟ್ಟಿದರು. ಬವಳಿ ಬಂದು ಬೀಳುತ್ತಿದ್ದಾರೆ ಎಂದು ಹೈಕೆ ಗಾಬರಿಯಾಗಿ ಭುಜ ಹಿಡಿದೆತ್ತಿದಳು. ಅತ್ತೆಯವರು ಅವಳ ತೋಳಿನೊಳಗಿಂದಲೇ ನನಗೆ ಹೇಳಿದರು:

"ಸಣ್ಣಾಕಿ ಇದ್ದಾಗ ವಳಸಂಗದಾಗ ಅಯ್ಯನವ್ರು ಇದನ್ನ ನನ್ನ ಅಂಗೈಯಾಗ ಇಟ್ರು. ಇವತ್ತ ಈಕಿ ಇಟ್ಟಳು. ಅಂಗೈಯಾಗ ಲಿಂಗ ಇಟ್ಟವ್ರು ಗುರು ಅಲ್ಲೇನು? ಆಕಿಗೆ ತಿಳಿಯೂ ಹಂಗ ಹೇಳು."

ನಾನು ರೆನಾಟೆಗೆ ಹೇಳಿದೆ, ರೆನಾಟೆ ಹೈಕೆಗೆ ಹೇಳಿದಳು. ಹೈಕೆ ಇನ್ನೂ ಕೆಂಪಾದಳು. ತಾನು ಏನನ್ನೂ ಕಲಿಸಲಾರೆ, ತನಗೆ ಬರುವುದು ಇದೊಂದೇ ಎಂದು ಅಂಗಡಿಯ ಕಡೆ ಕೈ ತೋರಿಸಿದಳಂತೆ. ಅತ್ತೆಯವರು ಬೆಂಚಿನ ಮೇಲೆ ಕುಳಿತು, ಬಾಟಲಿಯ ನೀರಿನಿಂದ ಲಿಂಗ ತೊಳೆದು, ಚೀಲದಿಂದ ವಿಭೂತಿ ತೆಗೆದು ಪೂಜೆ ಮಾಡಿದರು. ಅಷ್ಟು ಹೊತ್ತು ಬಂಡಿ ಹೊರಡಲಿಲ್ಲ. ನಿಲ್ಲಿಸಿರಿ ಎಂದು ನಾವು ಯಾರೂ ಹೇಳಿರಲಿಲ್ಲ. ಪೂಜೆ ಮುಗಿಸಿ ಅವರು ನೀರು ಕುಡಿದರು, ಗೋಳಿ ನುಂಗಿದರು. ಬಾಟಲಿಯಲ್ಲಿ ಉಳಿದದ್ದನ್ನು ನಾನು ಕುಡಿದೆ.

ಸೊಲ್ಲಾಪುರ

ಮನೆಗೆ ಬಂದ ಮೇಲೆ ಸುದ್ದಿ ಮುಚ್ಚಿಡಲು ಆಗಲಿಲ್ಲ, ಕರಡಿಗೆಯ ನೆಗ್ಗು ಎಲ್ಲರಿಗೂ ಕಾಣುತ್ತಿತ್ತು. ನನ್ನ ದೊಡ್ಡ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ, ಇಂಥದರಲ್ಲಿ ಬಹಳ ಕಟ್ಟುನಿಟ್ಟು. ಪರದೇಶದಲ್ಲಿ ಬಿದ್ದು ಯಾರ ಯಾರ ಕೈಗೋ ಹೋದ ಲಿಂಗ, ಮತ್ತೆ ದೀಕ್ಷೆ ಆಗಲೇಬೇಕು ಎಂದು ಅಯ್ಯನವರನ್ನು ಕರೆಸಿಯೇಬಿಟ್ಟಳು. ಅವರು ಬಂದು ಗದ್ದುಗೆಯ ಮೇಲೆ ಕುಳಿತರು. ಅತ್ತೆಯವರು ಕಾಲಿಗೆರಗಿ, ದೀಕ್ಷೆ ಅಲ್ಲಿಯೇ ಆಗಿದೆ, ಇನ್ನೊಮ್ಮೆ ಬೇಡ ಎಂದರು. ಕೊಟ್ಟವರು ಯಾರು, ಅಲ್ಲಿ ನಮ್ಮ ಮತದ ಜನ ಇದ್ದಾರೆಯೇ ಎಂದು ಅಯ್ಯನವರು ಕೇಳಿದರು. ಒಬ್ಬ ಹೆಣ್ಣುಮಗಳು ಎಂದರು ಅತ್ತೆಯವರು. ಏನು ಮಾಡಿಕೊಂಡಿದ್ದಾರೆ ಎಂದು ಅವರು ಮತ್ತೆ ಕೇಳಿದರು.

ನಾನು ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದೆ. ಅತ್ತೆಯವರು ಬಾಯಿ ತೆರೆಯುವ ಮೊದಲೇ, ಅವರದೊಂದು ಖಾನಾವಳಿ ಇದೆ ಎಂದುಬಿಟ್ಟೆ.

ಅತ್ತೆಯವರು ನನ್ನ ಕಡೆ ನೋಡಲಿಲ್ಲ. ಕರಡಿಗೆಯ ಮೇಲೆ ಕೈ ಇಟ್ಟುಕೊಂಡು, ಅಯ್ಯನವರ ಮುಖವನ್ನೇ ನೋಡುತ್ತ ಹೇಳಿದರು:

"ಹಂದಿ ಮಾಂಸ ಕಾಯಿಸಿ ಮಾರ್ತಾರ್ರಿ. ಕೈ ಅಗದಿ ಬೆಚ್ಚಗಿದ್ವು."